ಓದುಗರ ಪ್ರಶ್ನೆ, ನಮ್ಮ ಉತ್ತರ: ‘ದೇಶ ಬಿಡಿ’ ಎಂಬ ನೋಟಿಸು ಬಂದವರಿಗೆ ಊರವರು ಏನು ಮಾಡಬಹುದು?

ಬೆಂಗಳೂರಿನಲ್ಲಿ ನೆಲೆಸಿರುವ ನಿರಾಶ್ರಿತರ ಬಗ್ಗೆ ಬಂದ ಪತ್ರಗಳಲ್ಲಿ ಐದನ್ನು ಈ ಬಾರಿ ಆಯ್ದುಕೊಂಡಿದ್ದೇವೆ. ಬಹುತೇಕರು ‘ಗಡೀಪಾರು’ ಎಂದು ಬರೆದಿದ್ದಾರೆ. ನಮ್ಮ ಪೊಲೀಸರ ಬಾಯಲ್ಲಿ ಗಡೀಪಾರೆಂದರೆ ರೌಡಿಯನ್ನು ಜಿಲ್ಲೆಯಿಂದ ಹೊರಗಟ್ಟುವುದು. ಠಾಣೆಗೆ ಹೋದಾಗ ‘ಡಿಪೋರ್ಟೇಶನ್’ ಎಂದೇ ಹೇಳಿ, ಅರ್ಧ ಗಂಟೆ ಉಳಿಯುತ್ತದೆ.

ಪ್ರಶ್ನೆ: ನಮ್ಮಲ್ಲಿ ಬಿ.ಕಾಂ. ಮುಗಿಸಿದ ಆಫ್ಘನ್ ಹುಡುಗನ ವೀಸಾ ಮುಗಿದಿದೆ. ತಂದೆ ಹಿಂದಿನ ಸರ್ಕಾರದಲ್ಲಿ ಪೊಲೀಸ್ ಆಗಿದ್ದರಂತೆ. ವಾಪಸ್ ಹೋದರೆ ಜೀವಕ್ಕೆ ಅಪಾಯ ಅನ್ನುತ್ತಾನೆ. ಈಗ ‘ಲೀವ್ ಇಂಡಿಯಾ’ ನೋಟಿಸು ಬಂದಿದೆ. ಸಹಾಯಕ್ಕೆ ಹತ್ತು ಜನ ತಯಾರಿದ್ದೇವೆ. ಸಹಿ ಸಂಗ್ರಹ ಶುರು ಮಾಡೋಣವೇ? – ಉಪನ್ಯಾಸಕರು, ಬೆಂಗಳೂರು

ಸಹಿ ಆಮೇಲೆ. ಮೊದಲು ನೋಟಿಸಿನಲ್ಲಿ ಎರಡು ದಿನಾಂಕ ನೋಡಿ: ಹೊರಡಿಸಿದ್ದು ಯಾವತ್ತು, ದೇಶ ಬಿಡಬೇಕಾದದ್ದು ಯಾವತ್ತು. ಅವೆರಡರ ನಡುವೆ ಎಷ್ಟು ಕೋರ್ಟ್ ದಿನಗಳಿವೆ ಎಂದು ಎಣಿಸಿ. ಶುಕ್ರವಾರ ಸಂಜೆ ಕೈಗೆ ಬಂದ ನೋಟಿಸಿಗೆ ಎರಡು ದಿನ ಹಾಗೇ ಸೋರಿಹೋಗುತ್ತದೆ. ಮೇ ತಿಂಗಳ ರಜೆಯಲ್ಲಾದರೆ ಹೈಕೋರ್ಟಿನ ರಜಾಕಾಲದ ಪೀಠವೇ ಗತಿ.

ಕಾನೂನಿನ ಸ್ಥಿತಿ ಬಿಗಿಯಾಗಿದೆ, ಅದನ್ನು ಹುಡುಗನಿಗೂ ಮುಚ್ಚಿಡಬೇಡಿ. ಭಾರತ 1951ರ ನಿರಾಶ್ರಿತರ ಒಪ್ಪಂದಕ್ಕೆ ಸಹಿ ಹಾಕಿಲ್ಲ, 1967ರ ಪ್ರೋಟೊಕಾಲಿಗೂ ಇಲ್ಲ. ನಿರಾಶ್ರಿತರಿಗೆಂದೇ ಕಾಯ್ದೆಯೂ ಇಲ್ಲ. 2025ರ ಸೆಪ್ಟೆಂಬರ್ 1ರಂದು ಜಾರಿಗೆ ಬಂದ ವಲಸೆ ಮತ್ತು ವಿದೇಶಿಯರ ಕಾಯ್ದೆಯಲ್ಲಿ ವೀಸಾ ಮೀರಿದ ಪ್ರವಾಸಿಗೂ ಜೀವ ಉಳಿಸಿಕೊಳ್ಳಲು ಬಂದವನಿಗೂ ಒಂದೇ ಕಲಮು: 3 ವರ್ಷದವರೆಗೆ ಜೈಲು, 3 ಲಕ್ಷ ರೂಪಾಯಿವರೆಗೆ ದಂಡ. ಹೊರಹಾಕುವ ಸರ್ಕಾರದ ಅಧಿಕಾರ ಬಲು ದೊಡ್ಡದೆಂದು ಸುಪ್ರೀಂ ಕೋರ್ಟ್ 1955ರಿಂದಲೂ ಹೇಳುತ್ತಲೇ ಬಂದಿದೆ.

ಆದರೂ ಒಂದು ಕಿಂಡಿ ಇದೆ. ನಿರಾಶ್ರಿತನೆಂದು ಹೇಳಿಕೊಳ್ಳುವ ವಿದೇಶಿಯನ್ನು ಹೇಗೆ ವಿಚಾರಿಸಬೇಕೆಂದು ಕೇಂದ್ರ ಗೃಹ ಸಚಿವಾಲಯ 2011ರ ಡಿಸೆಂಬರ್ 29ರಂದು ಕಾರ್ಯವಿಧಾನ ಹೊರಡಿಸಿತು. 2019ರಲ್ಲಿ ಅದನ್ನು ಪರಿಷ್ಕರಿಸಿತು. ಜನಾಂಗ, ಧರ್ಮ, ಲಿಂಗ, ರಾಷ್ಟ್ರೀಯತೆ, ರಾಜಕೀಯ ಅಭಿಪ್ರಾಯ ಅಥವಾ ನಿರ್ದಿಷ್ಟ ಗುಂಪಿಗೆ ಸೇರಿದ ಕಾರಣಕ್ಕೆ ಕಿರುಕುಳದ ಭಯವಿದೆ ಎಂದು ಮೇಲ್ನೋಟಕ್ಕೆ ಕಂಡರೆ, ಲಾಂಗ್ ಟರ್ಮ್ ವೀಸಾಕ್ಕೆ ಶಿಫಾರಸು ಮಾಡಬಹುದು ಎನ್ನುತ್ತದೆ ಅದು. ಆ ವೀಸಾ ಸಿಕ್ಕರೆ ಖಾಸಗಿ ಕೆಲಸ ಮಾಡಬಹುದು, ಓದಬಹುದು. ಇದು ಹಕ್ಕಲ್ಲ, ಅಧಿಕಾರಿಗಳ ವಿವೇಚನೆ. ಕೇಳದಿದ್ದರೆ ಮಾತ್ರ ಯಾರೂ ಕರೆದು ಕೊಡುವುದಿಲ್ಲ.

ಹಾಗಾಗಿ ಮೊದಲ ಕೆಲಸ, ವಿದೇಶಿಯರ ನೋಂದಣಿ ನೋಡಿಕೊಳ್ಳುವ ಪ್ರಾದೇಶಿಕ ಕಚೇರಿ, ಅಂದರೆ ಬೆಂಗಳೂರು ಎಫ್‌ಆರ್‌ಆರ್‌ಒಗೆ ಲಿಖಿತ ಮನವಿ. ಇ-ಎಫ್‌ಆರ್‌ಆರ್‌ಒ ಪೋರ್ಟಲಿನಲ್ಲೂ ಹಾಕಿ, ಶಾಂತಿನಗರ ಬಸ್ ನಿಲ್ದಾಣದ ಕಟ್ಟಡದಲ್ಲಿರುವ ಕಚೇರಿಗೆ ಸ್ಪೀಡ್ ಪೋಸ್ಟಿನಲ್ಲೂ ಕಳಿಸಿ, ರಸೀದಿ ಇಟ್ಟುಕೊಳ್ಳಿ. ಮುಂದೆ ಹೈಕೋರ್ಟಿನಲ್ಲಿ ವಕೀಲರು ಮೊದಲು ತೋರಿಸುವುದೇ ಆ ರಸೀದಿಯನ್ನು: ಮನವಿ ಕೊಟ್ಟಿದ್ದೇವೆ, ತೀರ್ಮಾನಿಸದೆ ಕಳಿಸಲು ಹೊರಟಿದ್ದಾರೆ ಎಂದು.

ಮನವಿ ಕೆಡುವುದು ಹೆಚ್ಚಾಗಿ ಒಂದೇ ವಾಕ್ಯದಿಂದ. ‘ಊರಲ್ಲಿ ಕೆಲಸವಿಲ್ಲ, ಇಲ್ಲಿ ದುಡಿದು ಮನೆಗೆ ಕಳಿಸಬೇಕು’ ಎಂದು ಮರುಕ ಹುಟ್ಟಿಸಲು ಯಾರೋ ಸೇರಿಸುತ್ತಾರೆ. ಆ ಕ್ಷಣಕ್ಕೆ ಅವನು ಹೊಟ್ಟೆಪಾಡಿಗೆ ಬಂದ ವಲಸಿಗನಾದ. ಸ್ಟೂಡೆಂಟ್ ವೀಸಾದಲ್ಲಿ ದುಡಿದೆನೆಂದೂ ಒಪ್ಪಿಕೊಂಡಂತಾಯಿತು. ಬಡತನವನ್ನು ಬಿಡಿ. ತಂದೆ ಯಾವ ಪ್ರಾಂತ್ಯದಲ್ಲಿ, ಯಾವ ಹುದ್ದೆಯಲ್ಲಿದ್ದರು, ತಾಲಿಬಾನ್ ಅಧಿಕಾರ ಹಿಡಿದ 2021ರ ಆಗಸ್ಟಿನ ನಂತರ ಮನೆಗೆ ಯಾರು ಬಂದರು, ಏನಂದರು – ದಿನ, ಸ್ಥಳ ಸಹಿತ ಅಷ್ಟನ್ನು ಬರೆಸಿ. ಸುಳ್ಳು ಒಂದಕ್ಷರವೂ ಬೇಡ.

ಇನ್ನು ಹುಟ್ಟಿದ ದಿನಾಂಕ. ಕೇಳಲು ಚಿಲ್ಲರೆ ವಿಷಯ, ಮನವಿಗಳು ಮುಗ್ಗರಿಸುವುದು ಇಲ್ಲೇ. ಆಫ್ಘಾನಿಸ್ತಾನದ ಗುರುತಿನ ಚೀಟಿ ‘ತಜ್ಕಿರಾ’ದಲ್ಲಿ ಹಲವರಿಗೆ ಹುಟ್ಟಿದ ದಿನವೇ ಇರುವುದಿಲ್ಲ, ‘1395ರಲ್ಲಿ ವಯಸ್ಸು 13’ ಎಂದಿರುತ್ತದೆ. ಅದು ಅಲ್ಲಿನ ಸೌರ ವರ್ಷ. ಮಾರ್ಚ್ 21ರ ಸುಮಾರಿಗೆ ಶುರುವಾಗುತ್ತದೆ, 621 ಕೂಡಿಸಿದರೆ ನಮ್ಮ ವರ್ಷ. 1395ರಲ್ಲಿ 13 ಎಂದರೆ ಹುಟ್ಟಿದ್ದು 1382ರಲ್ಲಿ, ಅಂದರೆ 2003ರ ಮಾರ್ಚಿನಿಂದ 2004ರ ಮಾರ್ಚಿನೊಳಗೆ. ಪಾಸ್‌ಪೋರ್ಟಿನಲ್ಲಿ ಗುಮಾಸ್ತ 2003ರ ಜನವರಿ 1 ಎಂದು ಬರೆದಿರುತ್ತಾನೆ. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದ ಅಧಿಕಾರಿಗೆ ಒಂದು ನಕಲಿ ಅನ್ನಿಸಿದರೆ ತಪ್ಪು ಅವರದಲ್ಲ. ಈ ಲೆಕ್ಕವನ್ನು ಒಂದು ಪುಟದಲ್ಲಿ ಬಿಡಿಸಿ, ಅನುವಾದಕರ ಸಹಿ ಹಾಕಿಸಿ, ಮನವಿಗೆ ಲಗತ್ತಿಸಿ. ನಿಮ್ಮದು ಕಾಮರ್ಸ್ ವಿಭಾಗವೋ ಏನೋ, ಈ ಪುಟ ನೀವೇ ಮಾಡಬಲ್ಲಿರಿ.

ಜೊತೆಜೊತೆಗೇ ದೆಹಲಿಯಲ್ಲಿರುವ ವಿಶ್ವಸಂಸ್ಥೆಯ ನಿರಾಶ್ರಿತರ ಕಚೇರಿ, ಯುಎನ್‌ಎಚ್‌ಸಿಆರ್‌ನಲ್ಲಿ ನೋಂದಣಿಗೆ ಅರ್ಜಿ ಹಾಕಿಸಿ. ಅದರ ಕಾರ್ಡು ವೀಸಾ ಅಲ್ಲ, ಡಿಪೋರ್ಟೇಶನ್ನನ್ನು ತಾನಾಗಿ ತಡೆಯುವುದೂ ಇಲ್ಲ. ಆದರೆ ನ್ಯಾಯಾಲಯದಲ್ಲಿ ತೂಕವಿದೆ: 2021ರ ಮೇನಲ್ಲಿ ಮಣಿಪುರ ಹೈಕೋರ್ಟ್ ಮ್ಯಾನ್ಮಾರಿನ 7 ಮಂದಿಗೆ ದೆಹಲಿಗೆ ಹೋಗಿ ಆ ಕಚೇರಿಯ ಕದ ತಟ್ಟಲು ಅವಕಾಶ ಕೊಟ್ಟಿತ್ತು. ನೋಟಿಸು ಕೈಯಲ್ಲಿಟ್ಟುಕೊಂಡು ಹುಡುಗ ಒಬ್ಬನೇ ರೈಲು ಹತ್ತುವುದು ಬೇಡ, ವಕೀಲರನ್ನು ಕೇಳಿ. ಅವನ ದೇಶದ ರಾಯಭಾರ ಕಚೇರಿಗಂತೂ ನೀವ್ಯಾರೂ ಫೋನ್ ಮಾಡಬೇಡಿ. ಯಾರಿಂದ ಓಡಿಬಂದನೋ ಅವರಿಗೇ ವಿಳಾಸ ಕೊಟ್ಟಂತೆ.

ಸಹಿ ಸಂಗ್ರಹಕ್ಕೆ ಬರೋಣ. ಇನ್ನೂರು ಸಹಿಗಿಂತ ಆರು ಪತ್ರ ಮೇಲು. ‘ಒಳ್ಳೆಯ ಹುಡುಗ’ ಎಂಬ ಪ್ರಮಾಣಪತ್ರ ಯಾರಿಗೂ ಬೇಕಿಲ್ಲ. ಎಷ್ಟು ವರ್ಷದಿಂದ ಪರಿಚಯ, ಯಾವ ವಿಳಾಸದಲ್ಲಿ ಇರುತ್ತಾನೆ, ಖರ್ಚು ಯಾರದು, ಕರೆದಾಗ ಠಾಣೆಗೆ ಕರೆತರುವ ಹೊಣೆ ಯಾರದು ಎಂದು ಒಬ್ಬೊಬ್ಬರೂ ತಮ್ಮ ಗುರುತಿನ ಚೀಟಿಯ ಪ್ರತಿಯೊಂದಿಗೆ ಒಂದು ಪುಟ ಬರೆಯಲಿ. ಫೇಸ್‌ಬುಕ್ಕಿಗೆ ಅವನ ಫೋಟೊ, ಹೆಸರು ಹಾಕಬೇಡಿ. ಕಾಬೂಲಿನಲ್ಲೂ ಫೇಸ್‌ಬುಕ್ ಇದೆ.

ಪ್ರಶ್ನೆ: ಪೊಲೀಸರು ರಾತ್ರಿ ಬಂದು ಕರೆದೊಯ್ದರೆ ಏನು ಮಾಡಬೇಕು? ‘ತಪ್ಪೊಪ್ಪಿಕೊಂಡರೆ ದಂಡ ಕಟ್ಟಿ ಮುಗಿಯುತ್ತೆ’ ಅನ್ನುತ್ತಾರಲ್ಲ, ನಿಜವೇ? – ಓದುಗರು, ಹೆಣ್ಣೂರು

ಮುಗಿಯುತ್ತದೆ ನಿಜ, ಅವರು ಅಂದುಕೊಂಡ ಹಾಗಲ್ಲ. ಕ್ರಿಮಿನಲ್ ಕೇಸು ನಡೆಯುತ್ತಿರುವಾಗ ಸಾಮಾನ್ಯವಾಗಿ ಡಿಪೋರ್ಟ್ ಮಾಡುವುದಿಲ್ಲ. ತಪ್ಪೊಪ್ಪಿದೊಡನೆ ಕೇಸು ಮುಗಿಯಿತು, ಅಪರಾಧಿಯೆಂದು ದಾಖಲಾಯಿತು, ವಿಮಾನದ ದಾರಿ ಸಲೀಸಾಯಿತು. ವಕೀಲರಿಲ್ಲದೆ ಆ ಮಾತಾಡಬಾರದೆಂದು ಮುಂಚೆಯೇ ತಿಳಿಸಿರಿ.

ಠಾಣೆಯಲ್ಲಿ ಕೇಳಬೇಕಾದ ಪ್ರಶ್ನೆ ಒಂದೇ: ಎಫ್‌ಐಆರ್ ಆಗಿದೆಯೋ, ಅಥವಾ ಎಫ್‌ಆರ್‌ಆರ್‌ಒದ ಚಲನವಲನ ನಿರ್ಬಂಧದ ಆದೇಶವೋ? ಮುಂದಿನ ದಾರಿಗಳು ಬೇರೆ ಬೇರೆ. ಎಫ್‌ಐಆರ್ ಆದರೆ 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ತರಬೇಕು, ಬಂಧನದ ಕಾರಣ ತಿಳಿಸಬೇಕು, ಅವನು ಹೇಳಿದ ಗೆಳೆಯನಿಗೆ ಸುದ್ದಿ ಮುಟ್ಟಿಸಬೇಕು. ಆ ಗೆಳೆಯ ಯಾರೆಂದು ಮೊದಲೇ ಗೊತ್ತುಮಾಡಿ, ನಂಬರನ್ನು ಬಾಯಿಪಾಠ ಮಾಡಿಸಿ. ಮೊಬೈಲು ಮೊದಲು ಹೋಗುತ್ತದೆ. ಬರೀ ನಿರ್ಬಂಧದ ಆದೇಶವಾದರೆ ಜಾಮೀನು ಅರ್ಜಿಗೆ ಅರ್ಥವಿಲ್ಲ, ಹೈಕೋರ್ಟಿಗೇ ರಿಟ್ ಹಾಕಬೇಕು. ಎಫ್‌ಐಆರ್ ಕೇಸಿನಲ್ಲಿ ಜಾಮೀನು ಸಿಕ್ಕಿತೆಂದು ಹಾರ ಹಿಡಿದು ಜೈಲಿನ ಬಾಗಿಲಿಗೆ ಹೋದವರೂ ಬರಿಗೈಯಲ್ಲಿ ಮರಳಬೇಕಾಗಬಹುದು: ವೀಸಾ ಇಲ್ಲದವರನ್ನು ಅಲ್ಲಿಂದ ನೇರವಾಗಿ ನೆಲಮಂಗಲದ ಸೊಂಡೆಕೊಪ್ಪದ ವಿದೇಶಿಯರ ಕೇಂದ್ರಕ್ಕೆ ಒಯ್ಯುವುದುಂಟು.

ಕೆಲಸ ನಿಲ್ಲುವುದು ಹೆಚ್ಚಾಗಿ ವಕಾಲತ್ತಿನಲ್ಲಿ, ಅಂದರೆ ಕೇಸು ನಡೆಸಲು ವಕೀಲರಿಗೆ ಅಧಿಕಾರ ಕೊಡುವ ಪತ್ರದಲ್ಲಿ. ಒಳಗಿರುವವನ ಸಹಿ, ಅದಕ್ಕೆ ಅಲ್ಲಿನ ಅಧಿಕಾರಿಯ ದೃಢೀಕರಣ, ಇವಿಲ್ಲದೆ ವಕೀಲರು ಅರ್ಜಿ ಹಾಕಲಾರರು. ‘ಮೇಲಿನವರನ್ನು ಕೇಳಬೇಕು’ ಎಂದರೆ ಎರಡು ದಿನ ಹೋಯಿತು. ಉಪಾಯವೆಂದರೆ, ಹೊರಗಿರುವಾಗಲೇ ಎರಡು ವಕಾಲತ್ತಿಗೆ ಸಹಿ ಮಾಡಿಸಿ ವಕೀಲರ ಹತ್ತಿರ ಇಡುವುದು. ಅದೂ ಆಗದಿದ್ದರೆ ಹೇಬಿಯಸ್ ಕಾರ್ಪಸ್ (ಹಿಡಿದಿಟ್ಟವನನ್ನು ಕೋರ್ಟಿನ ಮುಂದೆ ಹಾಜರುಪಡಿಸಿ ಎಂಬ) ಅರ್ಜಿಯನ್ನು ಗೆಳೆಯನೇ ತನ್ನ ಹೆಸರಿನಲ್ಲಿ ಹಾಕಬಹುದು.

ಫೀಸಿಗೆ ದುಡ್ಡಿಲ್ಲವೆಂದು ಕೂರಬೇಡಿ. 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯ್ದೆಯ 12ನೇ ಸೆಕ್ಷನ್ ಪ್ರಕಾರ ಬಂಧನದಲ್ಲಿರುವ ವ್ಯಕ್ತಿಗೆ, ಆದಾಯ ನೋಡದೆ, ಉಚಿತ ವಕೀಲರು. ಕಾಯ್ದೆಯಲ್ಲಿರುವ ಪದ ‘ವ್ಯಕ್ತಿ’, ‘ನಾಗರಿಕ’ ಅಲ್ಲ. 15100ಕ್ಕೆ ಕರೆಮಾಡಿ.

ವಿದೇಶಿಯರ ಕೇಂದ್ರದಲ್ಲಿ ತಿಂಗಳುಗಟ್ಟಲೆ ಕಳೆದರೆ 2011ರ ಕಾರ್ಯವಿಧಾನದ ಇನ್ನೊಂದು ಸಾಲು ನೆನಪಿರಲಿ: ಲಾಂಗ್ ಟರ್ಮ್ ವೀಸಾಕ್ಕೆ ಅರ್ಹನಲ್ಲದವನ ಪ್ರಯಾಣದ ದಾಖಲೆ 6 ತಿಂಗಳಾದರೂ ಬರದಿದ್ದರೆ, ಬೆರಳಚ್ಚು ಮೊದಲಾದ ಗುರುತು ಪಡೆದು, ಸ್ಥಳೀಯ ಜಾಮೀನುದಾರರ ಮೇಲೆ, ತಿಂಗಳಿಗೊಮ್ಮೆ ಠಾಣೆಗೆ ಹಾಜರಾಗುವ ಷರತ್ತಿನಲ್ಲಿ ಹೊರಬಿಡಬಹುದು ಎಂದಿತ್ತು. ಊರವರು ಬೇಕಾಗುವುದು ಇಲ್ಲಿ. ಪಹಣಿ ಅಥವಾ ಮನೆ ಕಂದಾಯದ ರಸೀದಿ, ಗುರುತಿನ ಚೀಟಿ, ಫೋಟೊ ಇಟ್ಟುಕೊಂಡು ಇಬ್ಬರು ತಯಾರಾಗಿರಿ. ಅವನು ತಪ್ಪಿಸಿಕೊಂಡರೆ ಜಾಮೀನಿನ ಹಣ ಹೋಗುವುದು ನಿಮ್ಮದೇ. ಮನೆಯವರಿಗೆ ಹೇಳಿಯೇ ಸಹಿ ಹಾಕಿ.

ಪ್ರಶ್ನೆ: ಇಂಥವರಿಗೆ ಮನೆ ಬಾಡಿಗೆಗೆ ಕೊಟ್ಟಿದ್ದೇನೆ. ಆಧಾರ್ ಮಾಡಿಸಿಕೊಡುತ್ತೇನೆಂದು ಒಬ್ಬ ಬ್ರೋಕರ್ ಬಂದಿದ್ದ. – ಓದುಗರು, ಕಮ್ಮನಹಳ್ಳಿ

ಬ್ರೋಕರನ್ನು ಗೇಟಿನಿಂದಲೇ ಕಳಿಸಿ. ಸುಳ್ಳು ದಾಖಲೆಯ ಆಧಾರ್ ಸಿಕ್ಕ ದಿನ ನಿರಾಶ್ರಿತನೆಂಬ ವಾದ ಸತ್ತಂತೆ. ಅಲ್ಲಿಗದು ಫೋರ್ಜರಿ ಕೇಸು. ಇನ್ನು ನಿಮ್ಮ ಪಾಲಿನ ಕೆಲಸ: ವಿದೇಶಿ ಬಾಡಿಗೆಗೆ ಬಂದ 24 ಗಂಟೆಯೊಳಗೆ ಆನ್‌ಲೈನಿನಲ್ಲಿ ತಿಳಿಸಬೇಕು (ಜನ ಇಂದಿಗೂ ‘ಸಿ ಫಾರಂ’ ಅನ್ನುವುದು ಇದನ್ನೇ). ಇದನ್ನು ತುಂಬಿದರೆ ಅವರಿಗೆ ದ್ರೋಹ ಮಾಡಿದಂತೆ ಎಂದು ಕೆಲವರು ಅಳುಕುತ್ತಾರೆ. ಉಲ್ಟಾ. ಅಡಗಿರಲಿಲ್ಲ, ವಿಳಾಸ ಸರ್ಕಾರಕ್ಕೆ ಗೊತ್ತಿತ್ತು ಎನ್ನಲು ಅದೇ ಸಾಕ್ಷಿ.

ಪ್ರಶ್ನೆ: ಸ್ಕಾಟ್‌ಲೆಂಡಿನ ಗ್ಲಾಸ್ಗೋದಲ್ಲಿ ನೆರೆಹೊರೆಯವರು ವಲಸೆ ಅಧಿಕಾರಿಗಳ ವ್ಯಾನ್ ಸುತ್ತುವರಿದು ಇಬ್ಬರನ್ನು ಬಿಡಿಸಿಕೊಂಡರಂತೆ. ಇಲ್ಲಿ ಯಾಕಾಗಬಾರದು? – ವಿದ್ಯಾರ್ಥಿನಿ, ಮೈಸೂರು

ನಡೆದದ್ದು ಹೌದು. 2021ರ ಮೇ 13, ಈದ್ ದಿನ, ಕೆನ್‌ಮ್ಯೂರ್ ಸ್ಟ್ರೀಟ್. ಒಬ್ಬರು ವ್ಯಾನಿನ ಕೆಳಗೇ ಮಲಗಿಬಿಟ್ಟರು, ನೂರಾರು ಜನ ಸೇರಿದರು, ಸುಮಾರು 8 ಗಂಟೆಯ ನಂತರ ಇಬ್ಬರೂ ಹೊರಬಂದರು. ಅವರಿಬ್ಬರೂ ಭಾರತದವರು ಎಂಬುದು ಇಲ್ಲಿ ಎಷ್ಟು ಜನರಿಗೆ ಗೊತ್ತೋ! ಆದರೆ ಅಲ್ಲಿ ಹಿಡಿದದ್ದು ಲಂಡನ್ನಿನ ಗೃಹ ಇಲಾಖೆ, ಬಿಡಲು ತೀರ್ಮಾನಿಸಿದ್ದು ಸ್ಕಾಟ್‌ಲೆಂಡ್ ಪೊಲೀಸರು. ಇಲ್ಲಿ ಆ ಬಿರುಕಿಲ್ಲ. ನ್ಯಾಯ ಸಂಹಿತೆಯ 221ನೇ ಸೆಕ್ಷನ್ ಪ್ರಕಾರ ಕರ್ತವ್ಯಕ್ಕೆ ಅಡ್ಡಿಯಾದರೆ 3 ತಿಂಗಳವರೆಗೆ ಜೈಲು ಅಥವಾ 2,500 ರೂಪಾಯಿವರೆಗೆ ದಂಡ, ಅಥವಾ ಎರಡೂ. ತಳ್ಳಾಟವಾದರೆ ಇನ್ನೂ ದೊಡ್ಡ ಸೆಕ್ಷನ್ನು. ಗಲಾಟೆಯ ಕೇಸಿನಲ್ಲಿ ಆ ವಿದೇಶಿಯ ಹೆಸರೂ ಸೇರುತ್ತದೆ, ಮೊದಲು ಅವನನ್ನೇ ಕಳಿಸುತ್ತಾರೆ. ವಿಚಾರಣೆಯ ದಿನ ಇಪ್ಪತ್ತು ಜನ ಕೋರ್ಟ್ ಹಾಲಿನಲ್ಲಿ ಸುಮ್ಮನೆ ಕುಳಿತಿರಿ. ನ್ಯಾಯಮೂರ್ತಿಗಳಿಗೆ ಕಾಣುತ್ತದೆ.

ಪ್ರಶ್ನೆ: ನಮ್ಮ ಕನ್ನಡ ಕೂಟದವರು ಕೇಸಿನ ಖರ್ಚಿಗೆ ಹಣ ಕಳಿಸಬಹುದೇ? – ಓದುಗರು, ನ್ಯೂಜೆರ್ಸಿ

ಕೂಟದ ಖಾತೆಯಿಂದ ಬೇಡ. 2010ರ ವಿದೇಶಿ ದೇಣಿಗೆ ಕಾಯ್ದೆಯಡಿ ನೋಂದಣಿ ಇಲ್ಲದ ಸಂಘ ಇಲ್ಲಿ ಆ ಹಣ ಮುಟ್ಟಿದರೆ ಅದೇ ಬೇರೊಂದು ಕೇಸು. ಭಾರತದ ಪಾಸ್‌ಪೋರ್ಟ್ ಇನ್ನೂ ಇಟ್ಟುಕೊಂಡಿರುವ ಸದಸ್ಯರು ತಮ್ಮ ಸ್ವಂತ ಉಳಿತಾಯವನ್ನು ಬ್ಯಾಂಕಿನ ಮೂಲಕ ಕಳಿಸಿದರೆ ಅದು ವಿದೇಶಿ ದೇಣಿಗೆಯಲ್ಲ. ಒಸಿಐ ಕಾರ್ಡಿನವರದು (ಬೇರೆ ದೇಶದ ಪೌರತ್ವ ಪಡೆದ ಭಾರತ ಮೂಲದವರದು) ವಿದೇಶಿಯೇ, ಮನೆಮಾತು ಕನ್ನಡವಾದರೂ. ಹಾಗಾಗಿ ಮೊದಲು ನಿಮ್ಮೊಳಗೆ ಯಾರ ಪಾಸ್‌ಪೋರ್ಟ್ ಯಾವುದೆಂದು ಪಟ್ಟಿ ಮಾಡಿಕೊಳ್ಳಿ.