ಮನೆ ಜವಾಬ್ದಾರಿಯಿಂದ ಕನಸು ಸತ್ತೇಹೋಗುತ್ತದೆಯೇ?

ಸಾಯುವುದಿಲ್ಲ, ರೂಪ ಬದಲಿಸುತ್ತದೆ. ನಮ್ಮ ಸಿಂಧನೂರು ಕಡೆ ಮನೆಯ ಲೆಕ್ಕವೆಲ್ಲ ಎಡದಂಡೆ ಕಾಲುವೆಯ ನೀರಿನ ಮೇಲೆ. 133 ಟಿಎಂಸಿಗೆಂದು ಕಟ್ಟಿದ ತುಂಗಭದ್ರಾ ಜಲಾಶಯದಲ್ಲಿ ಹೂಳು ತುಂಬಿ ಈಗ ನಿಲ್ಲುವುದು ಸುಮಾರು 105. ಎರಡನೇ ಬೆಳೆಗೆ ನೀರು ಬರದ ವರ್ಷ ಭತ್ತದ ದುಡ್ಡು ಅರ್ಧ. ಸಾಲದ ಬಡ್ಡಿ, ತಂಗಿಯ ಮದುವೆ ಖರ್ಚು ಅರ್ಧವಾಗುವುದಿಲ್ಲ. ಆಗ ಹಿರಿಮಗನ ಓದು ನಿಲ್ಲುತ್ತದೆ. ಹೆಣ್ಣುಮಕ್ಕಳದ್ದಂತೂ ಎಷ್ಟೋ ಮನೆಗಳಲ್ಲಿ ಅವರನ್ನು ಕೇಳದೆಯೇ ನಿಲ್ಲುತ್ತದೆ, ನನಗೆ ಹೆಚ್ಚಿನ ನೋವು ಅದೇ.

ನಾನು ಎಂಎಸ್ಸಿ ಬಿಟ್ಟು ಗೊಬ್ಬರದ ಅಂಗಡಿಯಲ್ಲಿ ಕೂತೆ. ಆರು ವರ್ಷಕ್ಕೆ ಸಾಲ ತೀರಿತು. ಅಷ್ಟರಲ್ಲಿ ಮೇಷ್ಟ್ರಾಗುವ ಆಸೆ ಬೇರೆ ದಾರಿ ಹಿಡಿದಿತ್ತು: ಈಗ ರೈತರ ಮಣ್ಣು ಪರೀಕ್ಷೆ ಚೀಟಿ ನೋಡಿ, ಕ್ಷಾರ ಮಣ್ಣಿಗೆ ಜಿಪ್ಸಂ ಯಾಕೆ ಬೇಕೆಂದು ದಿನವೂ ಬಿಡಿಸಿ ಹೇಳುತ್ತೇನೆ.