ಅಪ್ಪ ಇಲ್ಲದೆ ಮೊದಲ ಸಲ ಕಡಲಿಗೆ

ಅಪ್ಪ ತೀರಿಕೊಂಡು ಏಳು ತಿಂಗಳಾಯಿತು, ಪ್ರತಿ ಡಿಸೆಂಬರ್ ರಜೆಯಲ್ಲಿ ಅವರೇ ಎಲ್ಲರನ್ನೂ ಬೀಚಿಗೆ ಕರೆದುಕೊಂಡು ಹೋಗುತ್ತಿದ್ದರು, ಈ ಸಲ ಮಕ್ಕಳು ಕೇಳ್ತಿದ್ದಾರೆ, ಅಮ್ಮ ಮಾತ್ರ ಮನೆ ಬಿಟ್ಟು ಹೊರಗೆ ಬರುತ್ತಿಲ್ಲ, ಹೋಗೋದು ಸರಿಯಾ ಅಂತ ಕೇಳಿದ್ದೀರಿ.

ಹೋಗಿ. ನಾವೂ ಇದೇ ಸ್ಥಿತಿಯಲ್ಲಿ ಹೋಗಿ ಬಂದವರು, ಅದಕ್ಕೇ ಬರೆಯುತ್ತಿದ್ದೇನೆ.

ವರ್ಷದೊಳಗೆ ಹೋಗಬಹುದಾ ಅನ್ನೋ ಪ್ರಶ್ನೆ ನಮ್ಮ ಮನೆಯಲ್ಲೂ ಬಂತು. ವರ್ಷಾಂತಿಕ ಆಗಿರಲಿಲ್ಲ. ಅಮ್ಮನ ಮನಸ್ಸಿಗೆ ಸಮಾಧಾನ ಆಗಲಿ ಅಂತ ಮನೆಯ ಪುರೋಹಿತರನ್ನೇ ಕೇಳಿದೆವು. ಹಬ್ಬ, ಮಂಗಳಕಾರ್ಯ ಬೇಡ, ಸಂಜೆ ಗಾಳಿಗೆ ಕೂತು ಬರುವುದಕ್ಕೆ ಏನು ಅಡ್ಡಿ ಅಂದರು. ನೀವೂ ನಿಮ್ಮ ಮನೆಯ ಹಿರಿಯರನ್ನು ಒಂದು ಮಾತು ಕೇಳಿ. ನಮ್ಮ ಸಮಾಧಾನಕ್ಕಿಂತ ಅಮ್ಮನ ಸಮಾಧಾನ ಇಲ್ಲಿ ಮುಖ್ಯ.

ನಮ್ಮದು ಉಡುಪಿ ಕಡೆ. ಬೀಚ್ ಅಂದರೆ ನಮಗೆ ಕಾಪು. ಬಂಡೆಯ ಮೇಲೆ 1901ರಲ್ಲಿ ಕಟ್ಟಿದ ದೀಪಸ್ತಂಭ ಇದೆ, ಸಂಜೆ ಹೊತ್ತು ಒಳಗೆ ಬಿಡುತ್ತಾರೆ. ಮಕ್ಕಳಿಗೆ ಅದನ್ನು ಹತ್ತುವುದೇ ಹಬ್ಬ. ಬೇರೆ ಯಾವುದಾದರೂ ಊರಿಗೆ ಹೋಗೋಣ, ಕಾಪುವಿನಲ್ಲಿ ಅಪ್ಪನ ನೆನಪು ಜಾಸ್ತಿ ಅಂತ ತಂಗಿ ಹೇಳಿದಳು. ಅಮ್ಮ ಒಪ್ಪಲಿಲ್ಲ. "ಹೋಗುವುದಾದರೆ ಕಾಪುವಿಗೇ" ಅಂದರು. ಹಾಗಾಗಿ ಜಾಗದ ವಿಷಯ ನೀವೇ ತೀರ್ಮಾನ ಮಾಡಬೇಡಿ, ಅವರನ್ನು ಕೇಳಿ.

ನಾವು ಊಟ, ಕಾರು, ಮಕ್ಕಳ ಬಟ್ಟೆ ಎಲ್ಲ ಯೋಚನೆ ಮಾಡಿದ್ದೆವು. ಒಂದನ್ನು ಮಾತ್ರ ಯಾರೂ ಯೋಚಿಸಿರಲಿಲ್ಲ. ಅಲ್ಲಿ ಅಪ್ಪ ಏನೇನು ಕೆಲಸ ಮಾಡುತ್ತಿದ್ದರು ಅನ್ನುವುದು. ಕಾರು ಹೊರಡುವಾಗಲೇ ಗೊತ್ತಾಯಿತು, ಮುಂದಿನ ಸೀಟಿನಲ್ಲಿ ಯಾರು ಕೂರಬೇಕು? ಎಲ್ಲರೂ ಬಾಗಿಲ ಹತ್ತಿರ ನಿಂತೇ ಇದ್ದೆವು. ಕೊನೆಗೆ ಅಮ್ಮನನ್ನೇ ಕೂರಿಸಿದೆವು. ಅಲ್ಲಿ ಹೋದ ಮೇಲೆ ಇನ್ನೊಂದು. ನಾವೆಲ್ಲ ದೀಪಸ್ತಂಭ ಹತ್ತುವಾಗ ಅಮ್ಮ ಮಂಡಿನೋವು ಅಂತ ಕೆಳಗೆ ಮರಳಿನಲ್ಲಿ ಕೂರುತ್ತಿದ್ದರು, ಜೊತೆಗೆ ಅಪ್ಪ. ನಮ್ಮ ಚಪ್ಪಲಿ, ಚೀಲ ಎಲ್ಲ ಅವರ ಸುತ್ತ. ಈ ಸಲ ಮಕ್ಕಳು ಓಡಿದರು, ಅವರ ಹಿಂದೆ ತಂಗಿ, ನನ್ನ ಹೆಂಡತಿ. ನಾನೂ ನಾಲ್ಕು ಹೆಜ್ಜೆ ಹೋಗಿ ಹಿಂದೆ ನೋಡಿದೆ. ಅಮ್ಮ ಒಬ್ಬರೇ ನಿಂತು ಮಕ್ಕಳ ಚಪ್ಪಲಿಗಳನ್ನು ಜೋಡಿ ಮಾಡಿ ಇಡುತ್ತಿದ್ದರು. ವಾಪಸ್ ಬಂದು ಪಕ್ಕದಲ್ಲಿ ಕೂತೆ.

ಸುಮಾರು ಹೊತ್ತು ಮಾತಿಲ್ಲ. ಆಮೇಲೆ ಅವರೇ ಶುರು ಮಾಡಿದರು.

"ಅವರಿಗೆ ಆ ಸುತ್ತು ಮೆಟ್ಟಿಲು ಹತ್ತಿದರೆ ತಲೆ ತಿರುಗ್ತಿತ್ತು, ಗೊತ್ತುಂಟಾ? ಮಕ್ಕಳ ಎದುರು ಹೇಳಲಿಕ್ಕೆ ನಾಚಿಕೆ. ನನ್ನ ಮಂಡಿನೋವಿನ ನೆವ ಹೇಳಿ ಇಲ್ಲೇ ಕೂರ್ತಿದ್ರು."

ಇಷ್ಟು ವರ್ಷ ನಾವು ಅಂದುಕೊಂಡಿದ್ದು ಅಮ್ಮನಿಗೋಸ್ಕರ ಅಪ್ಪ ಕೂರುತ್ತಾರೆ ಅಂತ. ಅಪ್ಪನ ಹೆದರಿಕೆಯನ್ನು ಅಮ್ಮ ಅಷ್ಟು ವರ್ಷ ತನ್ನ ಮಂಡಿಯ ಹಿಂದೆ ಮುಚ್ಚಿಟ್ಟಿದ್ದರು. ನಮ್ಮಪ್ಪ ಹೋದ ಮೇಲಿನ ಎಂಟು ತಿಂಗಳಲ್ಲಿ ಅವರು ಅಪ್ಪನ ಬಗ್ಗೆ ಕಾಯಿಲೆ, ಆಸ್ಪತ್ರೆ ಬಿಟ್ಟು ಬೇರೆ ಮಾತಾಡಿದ್ದು ಅದೇ ಮೊದಲು.

ಇನ್ನೊಂದು ಕೇಳಿದರು. "ನೀವು ಎಲ್ಲಿ ಬಿಟ್ಟಿರಿ?" ಅಸ್ಥಿ ಬಿಡುವ ದಿನ ನಾನು, ಚಿಕ್ಕಪ್ಪ ಹೋಗಿದ್ದೆವು, ಅಮ್ಮನನ್ನು ಕರೆದುಕೊಂಡು ಹೋಗಿರಲಿಲ್ಲ. ಬಲಗಡೆ ಮಲ್ಪೆಯ ದಿಕ್ಕಿಗೆ ಕೈ ತೋರಿಸಿದೆ. ತುಂಬಾ ಹೊತ್ತು ಅತ್ತಲೇ ನೋಡುತ್ತಾ ಕೂತರು. ಅತ್ತರು ಕೂಡ. ನಾನು ತಡೆಯಲಿಲ್ಲ. ನಿಮ್ಮ ಅಮ್ಮ ಅತ್ತರೆ ನೀವೂ ತಡೆಯಬೇಡಿ, "ಬನ್ನಿ ಚರುಮುರಿ ತಿನ್ನೋಣ" ಅಂತ ಮಾತು ತಿರುಗಿಸಬೇಡಿ. ಮನಸ್ಸು ಬೇರೆ ಕಡೆ ಹೋಗಲಿ ಅಂತ ಎಲ್ಲರೂ ಸೇರಿ ಜೋರಾಗಿ ನಗುತ್ತಾ ಇದ್ದರೆ ಅವರು ಇನ್ನೂ ಒಂಟಿ ಆಗ್ತಾರೆ.

ಅದಕ್ಕೇ ನನ್ನ ಸಲಹೆ ಇಷ್ಟೇ. ಹೊರಡುವ ಹಿಂದಿನ ರಾತ್ರಿ ಕೂತು, ನಿಮ್ಮ ಅಪ್ಪ ಅಲ್ಲಿ ಏನೇನು ಮಾಡುತ್ತಿದ್ದರು ಅಂತ ನೆನಪು ಮಾಡಿಕೊಳ್ಳಿ. ಮಕ್ಕಳ ಕೈ ಹಿಡಿದು ನೀರಿಗೆ ಇಳಿಯುತ್ತಿದ್ದವರು ಅವರೇನಾ? ಹಾಗಿದ್ದರೆ ಆ ಕೆಲಸ ಯಾರದ್ದು ಅಂತ ಮೊದಲೇ ಹೆಸರು ಹಿಡಿದು ಹೇಳಿ. ಇದು ಬರೀ ಮನಸ್ಸಿನ ಮಾತಲ್ಲ. ದುಃಖದಲ್ಲಿರುವ ಮನೆಯಲ್ಲಿ ಎಲ್ಲರ ಗಮನ ಅಮ್ಮನ ಮೇಲೆ ಇರುತ್ತದೆ, ಮಕ್ಕಳ ಮೇಲೆ ಕಣ್ಣು ತಪ್ಪುತ್ತದೆ. ಡಿಸೆಂಬರಿನಲ್ಲಿ ನಮ್ಮ ಕಡಲು ಮಳೆಗಾಲದಷ್ಟು ಒರಟಲ್ಲ, ಆದರೂ ಅಮಾವಾಸ್ಯೆ, ಹುಣ್ಣಿಮೆ ಹತ್ತಿರ ನೀರು ಜಾಸ್ತಿ ಏರುತ್ತದೆ. ಆ ದಿನಗಳನ್ನು ಬಿಡಿ. ಭಾನುವಾರವನ್ನೂ ಬಿಡಿ, ಜನಜಂಗುಳಿಯಲ್ಲಿ ಅಮ್ಮನಿಗೆ ಕೂರಲು ಆಗುವುದಿಲ್ಲ. ನಾಲ್ಕು ಗಂಟೆಗೆ ತಲುಪಿದರೆ ಸಾಕು, ಆರು ಗಂಟೆ ದಾಟುತ್ತಿದ್ದ ಹಾಗೆ ಸೂರ್ಯ ಮುಳುಗುತ್ತಾನೆ. ಮೊದಲ ಸಲ ಎರಡು ಗಂಟೆ ಸಾಕು, ಹೋಟೆಲಿನಲ್ಲಿ ಉಳಿಯುವುದೆಲ್ಲ ಬೇಡ.

ಫೋಟೋ ತೆಗೆಯಿರಿ, ಆದರೆ ಸ್ಟೇಟಸ್ಸಿಗೆ ಹಾಕಬೇಡಿ. ನಾವು ಹಾಕಿದೆವು. "ಆಗಲೇ ಟೂರಾ?" ಅಂತ ಸಂಬಂಧಿಕರೊಬ್ಬರು ಕೇಳಿದರು. ಅಮ್ಮನ ಕಿವಿಗೂ ಬಿತ್ತು. ಆ ಒಂದು ಮಾತಿಗೆ ಅವರು ಮತ್ತೆ ಹದಿನೈದು ದಿನ ಅಂಗಳ ದಾಟಲಿಲ್ಲ. ನನಗೆ ಇವತ್ತಿಗೂ ಅದು ಹೊಟ್ಟೆ ಉರಿಸುತ್ತದೆ.

ಕೊನೆಗೆ ಒಂದು, ಅಮ್ಮನಿಗೆ ಒಂದು ಸೀರೆ ಜಾಸ್ತಿ ಇಟ್ಟುಕೊಳ್ಳಿ. ನೀರಿಗೆ ಇಳಿಯಲ್ಲ ಅಂತ ಎಷ್ಟೇ ಹೇಳಲಿ. ನಮ್ಮಮ್ಮನೂ ಹಾಗೇ ಹೇಳಿದ್ದರು. ಸೂರ್ಯ ಮುಳುಗುವ ಹೊತ್ತಿಗೆ ಮೊಮ್ಮಗಳು ಬಂದು ಕೈ ಎಳೆದಳು, ಹೋದರು. ಮೊಣಕಾಲಿನವರೆಗೆ ಸೀರೆ ಒದ್ದೆ. ಬದಲಿಸಲು ಏನೂ ಇರಲಿಲ್ಲ. ಕಾರಿನ ಡಿಕ್ಕಿಯಲ್ಲಿ ಅಪ್ಪನ ಹಳೇ ಬೈರಾಸು (ಟವೆಲ್) ಒಂದು ಮಡಚಿಟ್ಟ ಹಾಗೇ ಇತ್ತು. ಅದನ್ನು ಮುಂದಿನ ಸೀಟಿಗೆ ಹಾಸಿ ಕೂತು ಬಂದರು.