ಪ್ರಾರ್ಥನೆಗೂ ವೋಟಿಗೂ ಏನು ಸಂಬಂಧ?

ನ್ಯೂಜೆರ್ಸಿಯಿಂದ ಓದುಗರೊಬ್ಬರು ಬರೆದಿದ್ದಾರೆ: "ಅಮೆರಿಕದ ಶಾಲೆಗಳಲ್ಲಿ ಪ್ರಾರ್ಥನೆಯ ವಿಷಯ ತೀರ್ಮಾನಿಸಿದ್ದು 2016ರ ಮತದಾರರು ಅಂತ ಕಳೆದ ಸಂಚಿಕೆಯಲ್ಲಿ ಬರೆದಿದ್ದೀರಿ. ಇದು ಅತಿಯಾಯಿತು. ನ್ಯಾಯಾಧೀಶರು ಸಂವಿಧಾನ ನೋಡಿ ತೀರ್ಪು ಕೊಡ್ತಾರೆ, ವೋಟು ಎಣಿಸಿ ಅಲ್ಲ. ಅಷ್ಟಕ್ಕೂ ಶಾಲೆಯ ಕೋಚ್ ಒಬ್ಬ ಮೈದಾನದಲ್ಲಿ ಮಂಡಿಯೂರಿ ಪ್ರಾರ್ಥಿಸಿದರೆ ಯಾರ ಗಂಟೇನು ಹೋಯಿತು? ನಾವೆಲ್ಲ ಶಾಲೆಯಲ್ಲಿ ದಿನಾ ಪ್ರಾರ್ಥನೆ ಹೇಳಿಯೇ ಬೆಳೆದವರಲ್ಲವೇ? ಕಳೆದ ವರ್ಷ ನನಗೆ ಇಲ್ಲಿನ ಪೌರತ್ವ ಸಿಕ್ಕಿತು. ಇದಕ್ಕೋಸ್ಕರ ನಾನು ವೋಟು ಹಾಕಬೇಕೇ?"

ಸಂಪಾದಕರ ಉತ್ತರ:

ಮೊದಲು ತಪ್ಪು ಒಪ್ಪಿಕೊಂಡುಬಿಡ್ತೇನೆ. "ತೀರ್ಮಾನಿಸಿದ್ದು ಮತದಾರರು" ಅನ್ನೋದು ಜಾಸ್ತಿಯೇ ಆಯಿತು. ಅಷ್ಟೇ ಅಲ್ಲ, ನಿಮ್ಮ ವಾದಕ್ಕೆ ಒಳ್ಳೆಯ ಸಾಕ್ಷಿಯನ್ನೂ ನಾನೇ ಕೊಡ್ತೇನೆ.

ರೋಡ್ ಐಲೆಂಡಿನ ಒಂದು ಶಾಲೆ. ಮಕ್ಕಳಿಗೆ ಪ್ರಮಾಣಪತ್ರ ಕೊಡುವ ಸಮಾರಂಭಕ್ಕೆ ಪ್ರಾರ್ಥನೆ ಹೇಳಲು ಯಹೂದಿ ಧರ್ಮಗುರುವನ್ನು ಕರೆದಿದ್ದರು. ಬೇಡ ಅಂತ ಕೋರ್ಟಿಗೆ ಹೋದವರೂ ಯಹೂದಿ ಕುಟುಂಬದವರೇ! 1992ರಲ್ಲಿ ಸುಪ್ರೀಂ ಕೋರ್ಟು 5-4ರಲ್ಲಿ ಆ ಕುಟುಂಬದ ಪರ ನಿಂತಿತು. ಸರ್ಕಾರಿ ಶಾಲೆಯ ಸಮಾರಂಭದಲ್ಲಿ ಇಂಥ ಪ್ರಾರ್ಥನೆ ಕೂಡದು ಅಂದಿತು. ಅಲ್ಲಿ ಸುಪ್ರೀಂ ಕೋರ್ಟಿನ ನ್ಯಾಯಾಧೀಶರ ಹೆಸರು ಸೂಚಿಸುವವರು ಅಧ್ಯಕ್ಷರು, ಒಪ್ಪಬೇಕಾದ್ದು ಸಂಸತ್ತಿನ ಮೇಲ್ಮನೆ ಸೆನೆಟ್. ಆ ಐದೂ ಜನ ರಿಪಬ್ಲಿಕನ್ ಅಧ್ಯಕ್ಷರು ನೇಮಿಸಿದವರು. ಡೆಮಾಕ್ರಟಿಕ್ ಅಧ್ಯಕ್ಷರಿಂದ ಬಂದಿದ್ದವರು ಬೈರನ್ ವೈಟ್ ಒಬ್ಬರೇ, ಅವರು ಪ್ರಾರ್ಥನೆ ಇರಲಿ ಅಂದವರ ಸಾಲಿನಲ್ಲಿದ್ದರು. ಅಂದರೆ ಆಗ ನಿಮ್ಮ ಮಾತು ನಿಜವೇ. ಯಾರು ನೇಮಿಸಿದರು ಅನ್ನೋದರಿಂದ ತೀರ್ಪು ಊಹಿಸೋಕೆ ಆಗ್ತಿರಲಿಲ್ಲ.

ರಿಪಬ್ಲಿಕನ್ನರಿಗೆ ಉರಿದದ್ದೂ ಅದಕ್ಕೇ. ಆ ಐವರಲ್ಲಿ ಡೇವಿಡ್ ಸೌಟರ್ ಒಬ್ಬರು. ಅಪ್ಪ ಬುಷ್ 1990ರಲ್ಲಿ ನೇಮಿಸಿದವರು. "ಇನ್ನೊಬ್ಬ ಸೌಟರ್ ಬೇಡ" ಅನ್ನೋದು ಆಮೇಲೆ ಆ ಪಕ್ಷದ ಬಲಪಂಥೀಯರ ಘೋಷಣೆಯೇ ಆಗಿಹೋಯಿತು. ಹೆಣ್ಣು ಕೊಡುವ ಮುಂಚೆ ಮನೆತನ ವಿಚಾರಿಸುವ ಹಾಗೆ, ನ್ಯಾಯಾಧೀಶರ ಹಳೆಯ ತೀರ್ಪು, ಭಾಷಣ, ಒಡನಾಟ ಎಲ್ಲವನ್ನೂ ಜಾಲಾಡುವುದು ಶುರುವಾಯಿತು.

ಈಗ 2016ಕ್ಕೆ ಬನ್ನಿ. ಫೆಬ್ರವರಿಯಲ್ಲಿ ನ್ಯಾಯಮೂರ್ತಿ ಸ್ಕಾಲಿಯಾ ತೀರಿಕೊಂಡರು. ಆ ಜಾಗಕ್ಕೆ ಅಧ್ಯಕ್ಷ ಒಬಾಮಾ ಮಾರ್ಚಿನಲ್ಲಿ ನ್ಯಾಯಾಧೀಶ ಮೆರಿಕ್ ಗಾರ್ಲೆಂಡ್ ಹೆಸರು ಕಳಿಸಿದರು. ರಿಪಬ್ಲಿಕನ್ನರ ಕೈಯಲ್ಲಿದ್ದ ಸೆನೆಟ್ ಅವರನ್ನು ವಿಚಾರಣೆಗೂ ಕರೆಯಲಿಲ್ಲ. ಚುನಾವಣೆ ವರ್ಷ, ಜನ ತೀರ್ಮಾನಿಸಲಿ ಅಂದರು. 293 ದಿನ ಆ ಹೆಸರು ಸುಮ್ನೆ ಬಿದ್ದಿತ್ತು. ಅತ್ತ ಟ್ರಂಪ್ ತಾನು ಯಾರನ್ನು ನೇಮಿಸಬಹುದು ಅಂತ ಹೆಸರುಗಳ ಪಟ್ಟಿಯನ್ನೇ ಪ್ರಚಾರದಲ್ಲಿ ಬಿಡುಗಡೆ ಮಾಡಿದರು. ಗೆದ್ದದ್ದು ಮೂರು ರಾಜ್ಯಗಳ ಸಣ್ಣ ಅಂತರದಿಂದ. ಮೂರೂ ಸೇರಿ 80,000 ವೋಟೂ ಇಲ್ಲ. ನಮ್ಮ ಒಂದು ವಿಧಾನಸಭಾ ಕ್ಷೇತ್ರದಲ್ಲಿ ಅದಕ್ಕಿಂತ ಜಾಸ್ತಿ ವೋಟು ಬೀಳುತ್ತವೆ. 2017ರಲ್ಲಿ ಪಟ್ಟಿಯಲ್ಲಿದ್ದ ಗೋರ್ಸಚ್ ಸ್ಕಾಲಿಯಾ ಕುರ್ಚಿಯಲ್ಲಿ ಕೂತರು. ಮರುವರ್ಷ ಕ್ಯಾವನಾ ಬಂದರು. 2020ರಲ್ಲಿ, ಚುನಾವಣೆಗೆ ಬರೀ ಎಂಟು ದಿನ ಇದ್ದಾಗ, ಸೆನೆಟ್ ಬ್ಯಾರೆಟ್ ಅವರನ್ನು ಒಪ್ಪಿತು. ಆಗ "ಚುನಾವಣೆ ವರ್ಷ" ಅನ್ನೋ ಮಾತು ರಿಪಬ್ಲಿಕನ್ನರ ಸೆನೆಟನ್ನು ತಡೆಯಲಿಲ್ಲ.

ನೀವು ಹೇಳುವ ಕೋಚ್ ಪ್ರಕರಣ 2022ರದ್ದು. ವಾಷಿಂಗ್ಟನ್ ರಾಜ್ಯದ ಬ್ರೆಮರ್ಟನ್ ಊರಿನ ಸರ್ಕಾರಿ ಶಾಲೆ, ಕೋಚ್ ಜೋಸೆಫ್ ಕೆನಡಿ. ಆಟ ಮುಗಿದ ಮೇಲೆ ಮೈದಾನದ ನಟ್ಟನಡುವೆ ಮಂಡಿಯೂರುತ್ತಿದ್ದರು. ಶಾಲೆ ಬೇಡ ಅಂದಿತು, ಅವರು ಕೋರ್ಟಿಗೆ ಹೋದರು, ಸುಪ್ರೀಂ ಕೋರ್ಟಿನಲ್ಲಿ 6-3ರಲ್ಲಿ ಗೆದ್ದರು. ಟ್ರಂಪ್ ನೇಮಿಸಿದ ಮೂವರೂ ಆ ಆರರಲ್ಲಿದ್ದರು. ಬಹುಮತದ ತೀರ್ಪು ಬರೆದ ಗೋರ್ಸಚ್, ಇದು ಒಬ್ಬ ಮನುಷ್ಯನ ಖಾಸಗಿ, ಮೌನ ಪ್ರಾರ್ಥನೆ ಅಂದರು. ಒಪ್ಪದ ನ್ಯಾಯಮೂರ್ತಿ ಸೊಟೊಮೇಯರ್ ಏನು ಮಾಡಿದರು ಗೊತ್ತೇ? ತಮ್ಮ ಭಿನ್ನ ತೀರ್ಪಿನ ನಡುವೆ ಫೋಟೋಗಳನ್ನೇ ಹಾಕಿದರು. ಒಂದರಲ್ಲಿ ಕೋಚ್ ಸುತ್ತ ಆಟಗಾರರ ಗುಂಪು. ಆರು ಜನರಿಗೆ ಒಬ್ಬನೇ ಕಂಡ, ಮೂವರಿಗೆ ಗುಂಪು ಕಂಡಿತು. ಈ ತೀರ್ಪು 1992ರದ್ದನ್ನು ರದ್ದು ಮಾಡಲಿಲ್ಲ, ನಿಜ. ಆದರೆ ಧರ್ಮ ಮತ್ತು ಸರ್ಕಾರದ ನಡುವಿನ ಗೆರೆ ಅಳೆಯಲು 1971ರಿಂದ ಇದ್ದ ಅಳತೆಗೋಲನ್ನೇ ಬದಿಗಿಟ್ಟಿತು.

ಯಾರ ಗಂಟೇನು ಹೋಯಿತು ಅಂತ ಕೇಳಿದ್ದೀರಿ. ಒಬ್ಬ ಹುಡುಗನ ತಂದೆ ಶಾಲೆಗೆ ಹೇಳಿದ್ದು ದಾಖಲೆಯಲ್ಲಿದೆ: ಮಗನಿಗೆ ದೇವರಲ್ಲಿ ನಂಬಿಕೆಯಿಲ್ಲ, ಆದರೂ ಸೇರಿಕೊಳ್ಳುತ್ತಿದ್ದ, ಸೇರದಿದ್ದರೆ ಆಡಲು ಅವಕಾಶ ಕಡಿಮೆಯಾಗುತ್ತದೆ ಅನ್ನೋ ಭಯಕ್ಕೆ. ನಾನೂ ನಿಮ್ಮ ಹಾಗೆ ಪ್ರಾರ್ಥನೆ ಹೇಳಿ ಬೆಳೆದವನು. ನನ್ನ ಪಕ್ಕ ನಿಲ್ಲುತ್ತಿದ್ದ ಕ್ರೈಸ್ತರ ಹುಡುಗ ದನಿ ಇಲ್ಲದೆ ತುಟಿ ಮಾತ್ರ ಆಡಿಸುತ್ತಿದ್ದ. ಮೇಷ್ಟ್ರು ಹತ್ತಿರ ಬಂದಾಗ ಜೋರಾಗಿ ಆಡಿಸುತ್ತಿದ್ದ. ನಾವು ನಗುತ್ತಿದ್ದೆವು. ಅಲ್ಲಿ ನಮ್ಮವರ ಮಕ್ಕಳು ಆ ಹುಡುಗನ ಜಾಗದಲ್ಲಿ ನಿಲ್ಲಬೇಕಾಗಬಹುದು, ಅಲ್ವಾ?

ಭಾರತದಲ್ಲಿ ಕಥೆ ಬೇರೆ. ಇಲ್ಲಿ ನ್ಯಾಯಾಧೀಶರನ್ನು ಆರಿಸುವುದು ನ್ಯಾಯಾಧೀಶರದೇ ಕೊಲಿಜಿಯಂ. ಅದನ್ನು ಬದಲಿಸುವ ಕಾನೂನನ್ನು 2015ರಲ್ಲಿ ಸುಪ್ರೀಂ ಕೋರ್ಟು 4-1ರಲ್ಲಿ ಹೊಡೆದುಹಾಕಿತು. ಮುಚ್ಚಿದ ಬಾಗಿಲ ಹಿಂದಿನ ಆ ವ್ಯವಸ್ಥೆಯನ್ನು ನಾನೇನೂ ಹೊಗಳುವುದಿಲ್ಲ. ಆದರೆ ಇಲ್ಲಿ 65ಕ್ಕೆ ನಿವೃತ್ತಿ, ಅಲ್ಲಿ ಬದುಕಿರುವ ತನಕ ಹುದ್ದೆ. ಬ್ಯಾರೆಟ್ ಬಂದಾಗ ಅವರಿಗೆ 48. ಅವರನ್ನು ನೇಮಿಸಿದ ಅಧ್ಯಕ್ಷರಿಗೆ ವೋಟು ಹಾಕಿದವರ ಮೊಮ್ಮಕ್ಕಳ ಕಾಲಕ್ಕೂ ಅವರ ತೀರ್ಪು ಬರುತ್ತಿರಬಹುದು.

ಯಾರಿಗೆ ಹಾಕಬೇಕು ಅಂತ ನಾನು ಹೇಳುವುದಿಲ್ಲ. ಹಾಕಬೇಕೇ ಅಂತ ಕೇಳಿದ್ದಕ್ಕೆ, ಹೌದು. ಅಧ್ಯಕ್ಷರಿಗೆ ಮಾತ್ರ ಅಲ್ಲ, ಸೆನೆಟಿಗೂ. ಗಾರ್ಲೆಂಡ್ ಅವರನ್ನು ತಡೆದದ್ದು ಸೆನೆಟ್. ಇನ್ನೊಂದು ಇದೆ. ನಿಮ್ಮ ರಾಜ್ಯದ ಸುಪ್ರೀಂ ಕೋರ್ಟಿಗೆ ಹೆಸರು ಸೂಚಿಸುವವರು ಗವರ್ನರ್. ಮೊದಲು 7 ವರ್ಷ, ಮತ್ತೆ ನೇಮಿಸಿದರೆ 70 ತುಂಬುವ ತನಕ ಹುದ್ದೆ. ಆ ಗವರ್ನರ್ ಚುನಾವಣೆ ಬರುವುದು ಅಧ್ಯಕ್ಷರ ಚುನಾವಣೆ ಮುಗಿದ ಮರುವರ್ಷ. ಆಗ ಟಿವಿಯಲ್ಲಿ ಅಷ್ಟು ಗದ್ದಲ ಇರುವುದಿಲ್ಲ. ತಾರೀಕು ಕ್ಯಾಲೆಂಡರಿನಲ್ಲಿ ಬರೆದಿಟ್ಟುಕೊಳ್ಳಿ.